ಹುಟ್ಟೂರಿನ ಮನ್ನಣೆ

ವರ್ಷಕ್ಕೊಮ್ಮೆ ನಮ್ಮ ಗ್ರಾಮಾಂತರ ಪ್ರೌಢಶಾಲೆಗಳಲ್ಲಿ ಒಂದು ಸಮಾರಂಭ ನಡೆಯುವುದುಂಟು. ಅಂಗಳದಲ್ಲಿ ಶಾಮಿಯಾನ ಹಾಕಿ, ಮಾವಿನ ತೋರಣ ಕಟ್ಟಿ, ಹಿಂದೆ ಅದೇ ಶಾಲೆಯಲ್ಲಿ ಕಲಿತು ಮುಂದೆ ವೈದ್ಯರೋ ಎಂಜಿನಿಯರರೋ ಪ್ರಾಧ್ಯಾಪಕರೋ ಆದವರನ್ನು ಕರೆಸುತ್ತಾರೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತು, ಮಾನಪತ್ರವನ್ನು ಓದುತ್ತಾರೆ. ಮಕ್ಕಳು ನೆಲದ ಮೇಲೆ ಸಾಲಾಗಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಮಾನಪತ್ರದಲ್ಲಿ ಅತಿಥಿಗಳು ಪಡೆದ ಪದವಿಗಳಿರುತ್ತವೆ, ಏರಿದ ಹುದ್ದೆಗಳಿರುತ್ತವೆ. ಆದರೆ ಈ ಊರಿನ ಮಣ್ಣಿನ ರಸ್ತೆಯಿಂದ ಆ ಹುದ್ದೆಯವರೆಗಿನ ದಾರಿ ಅದರಲ್ಲಿ ಕಾಣುವುದು ಅಪರೂಪ. ಕೊನೆಯ ಸಾಲಿನಲ್ಲಿ ಕುಳಿತ ಹುಡುಗನಿಗೆ, ಹುಡುಗಿಗೆ, ಬೇಕಾದುದು ಆ ದಾರಿಯೇ. ಈ ಮಾತನ್ನು ಕಲ್ಯಾಣದುರ್ಗ, ಹಿಂದೂಪುರಗಳ ಸೀಮೆಯಲ್ಲಿ ಹುಟ್ಟಿದ ಇಬ್ಬರು ಹಿರಿಯರ ಚರಿತ್ರೆಯಿಂದ ವಿಶದಪಡಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ಸೀಮೆಯ ಪರಿಚಯ ಅವಶ್ಯಕ. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶದಲ್ಲಿ ಇದೂ ಸೇರಿತ್ತು. ಆದ್ದರಿಂದಲೇ ಇದಕ್ಕೂ ಬಳ್ಳಾರಿ, ಕಡಪೆಗಳಿಗೂ ‘ದತ್ತಮಂಡಲ’ವೆಂಬ ಹೆಸರು ಬಂದಿತು. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಡಿಸಿ ಅನಂತಪುರ ಜಿಲ್ಲೆಯನ್ನು ಮಾಡಿದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರ ಜಿಲ್ಲೆ ಅದಕ್ಕೆ ಸೇರಿತು. ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂದಿತು. 2022ರಲ್ಲಿ ಜಿಲ್ಲೆ ಮತ್ತೆ ಒಡೆದು, ಹಿಂದೂಪುರ ಮಡಕಶಿರಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದುವು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು.

ಗಡಿಗಳು ಹೀಗೆ ಸರಿದರೂ ಜನರ ನಾಲಗೆ ಸರಿಯಲಿಲ್ಲ. ಮಡಕಶಿರ ಭಾಗದ ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳಲ್ಲಿ ಕನ್ನಡ ಮನೆಮಾತು. ಕನ್ನಡ ಮಾಧ್ಯಮದ ಶಾಲೆಗಳೂ ಉಂಟು. ಅಮರಾಪುರದ ಬಳಿಯ ಹೇಮಾವತಿಯೇ ಪೂರ್ವದಲ್ಲಿ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿತ್ತು. ಅಲ್ಲಿಯ ದೇಗುಲಗಳ ಕಂಬಗಳನ್ನೂ ಕನ್ನಡ ಶಾಸನಗಳನ್ನೂ ಕಂಡವರಿಗೆ, ಈ ನೆಲದಲ್ಲಿ ಕನ್ನಡ ಅಕ್ಷರ ನಿನ್ನೆ ಮೊನ್ನೆ ಬಂದುದಲ್ಲವೆಂಬುದು ಸ್ಪಷ್ಟವಾಗುತ್ತದೆ. ಕಲ್ಯಾಣದುರ್ಗ, ಹಿಂದೂಪುರಗಳ ಸಂತೆಗಳಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತವೆ. ಅನೇಕರಿಗೆ ಒಂದು ಮನೆಯ ಮಾತು, ಇನ್ನೊಂದು ಬೀದಿಯ ಮಾತು.

ಇನ್ನು, ವಿದ್ಯೆಯನ್ನು ಊರು ಮನ್ನಿಸುತ್ತಿದ್ದ ಹಳೆಯ ರೀತಿಯನ್ನು ನೋಡೋಣ. ಇದಕ್ಕೆ ಕನ್ನಡ ನಾಡಿನ ಇನ್ನೊಂದು ಮೂಲೆಯಿಂದ ಒಂದು ನಿದರ್ಶನವನ್ನು ತರಬೇಕಾಗಿದೆ. ವಿಜಯಪುರ ಜಿಲ್ಲೆಯ ಸಾಲೋಟಗಿ ಎಂಬ ಊರಿನಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ ಒಂದು ಶಾಸನವಿದೆ. ರಾಜನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ತಂಗಲು 27 ಮನೆಗಳಿದ್ದುವು. ಆ ಶಾಸನದಲ್ಲಿ ನಮ್ಮ ಗಮನಕ್ಕೆ ಬರಬೇಕಾದುದು ಊರವರು ತಾವಾಗಿ ಒಪ್ಪಿಕೊಂಡ ಕಟ್ಟಳೆ. ಮದುವೆಯಾದಾಗ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು, ಹೀಗೆ ಮನೆಯಲ್ಲಿ ಶುಭಕಾರ್ಯ ನಡೆದಾಗಲೆಲ್ಲ ಶಾಲೆಗೆ ಒಂದು ಪಾಲು ಸಲ್ಲುತ್ತಿತ್ತು. ಅಲ್ಲಿ ಕಲಿತು ಹೋದ ವಿದ್ವಾಂಸರ ಹೆಸರುಗಳಿಗಿಂತ, ಮುಂದೆ ಕಲಿಯಬರುವವರ ಊಟ ವಸತಿಗಳ ಚಿಂತೆಯೇ ಆ ಕಲ್ಲಿನಲ್ಲಿ ಹೆಚ್ಚಾಗಿ ಮೂಡಿದೆ. ವಿದ್ಯೆಗೆ ಸಲ್ಲಿಸುವ ಗೌರವ ಮುಂದಿನ ಮಕ್ಕಳಿಗೆ ತಲುಪಬೇಕೆಂಬ ಈ ಭಾವನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಯ ಹಿರಿಯರ ಕಡೆಗೆ ತಿರುಗೋಣ.

ಕಲ್ಯಾಣದುರ್ಗದ ಕಡೆಯ ಕಂಬದೂರಿನ ಬಳಿ ರಾಳ್ಳಪಲ್ಲಿ ಎಂಬ ಚಿಕ್ಕ ಹಳ್ಳಿಯಿದೆ. 1893ರ ಜನವರಿಯಲ್ಲಿ ಅಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಅದನ್ನು ದಕ್ಷಿಣ ಭಾರತಕ್ಕೆಲ್ಲ ಪರಿಚಯಿಸಿದರು. ಅವರ ಬಾಲ್ಯದಲ್ಲಿ ಇಡೀ ಅನಂತಪುರ ಜಿಲ್ಲೆಯಲ್ಲಿ ಒಂದು ಕಾಲೇಜೂ ಇರಲಿಲ್ಲ; ದತ್ತಮಂಡಲ ಕಾಲೇಜು ಅನಂತಪುರದಲ್ಲಿ ಆರಂಭವಾದುದು 1916ರಲ್ಲಿ. ಶರ್ಮರ ಮೊದಲ ಪಾಠಗಳು ಮನೆಯಲ್ಲೇ ತಂದೆತಾಯಿಗಳಿಂದ ಆದುವು. ಮುಂದೆ ಎಳೆಯ ವಯಸ್ಸಿನಲ್ಲೇ ಅವರು ಮೈಸೂರಿಗೆ ಹೋದರು. ಅಲ್ಲಿಯ ಪರಕಾಲ ಮಠದಲ್ಲಿ, ಶ್ರೀ ಕೃಷ್ಣಬ್ರಹ್ಮತಂತ್ರ ಸ್ವಾಮಿಗಳ ಆಶ್ರಯದಲ್ಲಿ, ಸಂಸ್ಕೃತ ಕಾವ್ಯ ಶಾಸ್ತ್ರಗಳ ಅಧ್ಯಯನ ನಡೆಯಿತು. ಸಂಗೀತಕ್ಕೆ ಬಿಡಾರಂ ಕೃಷ್ಣಪ್ಪನವರಂಥ ಗುರುಗಳು ದೊರೆತರು.

ಆ ಕಾಲದಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅಧ್ಯಾಪಕರಾಗಿದ್ದರು. ಕೇಂಬ್ರಿಜ್ಜಿನಲ್ಲಿ ಓದಿ ಬಂದ ಆ ವಿದ್ವಾಂಸರು ಹಳ್ಳಿಯಿಂದ ಬಂದ ಈ ತರುಣನ ಯೋಗ್ಯತೆಯನ್ನು ಗುರುತಿಸಿದರು. 1912ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಶರ್ಮರು ಮಹಾರಾಜ ಕಾಲೇಜಿನ ತೆಲುಗು ಪಂಡಿತರಾದರು. ಸಾಂಪ್ರದಾಯಿಕ ರೀತಿಯಲ್ಲಿ ಕಲಿತ ಪಾಂಡಿತ್ಯವೇ ಅವರ ಬಂಡವಾಳ. 1949ರವರೆಗೆ ಅಲ್ಲಿಯೇ ಪಾಠ ಹೇಳಿದರು. ಪ್ರಾಕೃತದ ಗಾಥಾಸಪ್ತಶತಿಯಿಂದ ಆಯ್ದ ಗಾಥೆಗಳನ್ನು ತೆಲುಗಿಗೆ ತಂದರು. ಕದಿರಿಯ ಬಳಿ ಸಮಾಧಿಯಿರುವ, ನಮ್ಮ ಸೀಮೆಯವನೇ ಎನ್ನಬಹುದಾದ ವೇಮನನನ್ನು ಕುರಿತು ಆಂಧ್ರ ವಿಶ್ವವಿದ್ಯಾನಿಲಯದ ಪರವಾಗಿ ಉಪನ್ಯಾಸಗಳನ್ನು ಮಾಡಿದರು. ಕನ್ನಡದಲ್ಲಿ ‘ಗಾನಕಲೆ’ ಎಂಬ ಗ್ರಂಥವನ್ನು ಬರೆದರು. ತೆಲುಗಿನ ಪಂಡಿತರು ಕನ್ನಡದಲ್ಲಿಯೂ ಸೊಗಸಾಗಿ ಬರೆದುದು ಗಡಿಸೀಮೆಯಲ್ಲಿ ಹುಟ್ಟಿದವರಿಗೆ ಅಸಹಜವೆನಿಸುವುದಿಲ್ಲ.

ನಿವೃತ್ತರಾದ ಮೇಲೆ ಅವರು ತಿರುಪತಿಯಲ್ಲಿ ಕೈಕೊಂಡ ಕಾರ್ಯ ಇನ್ನೂ ದೊಡ್ಡದು. ಹದಿನೈದನೆಯ ಶತಮಾನದ ಅನ್ನಮಾಚಾರ್ಯರ ಸಂಕೀರ್ತನೆಗಳು ತಾಮ್ರಪತ್ರಗಳಲ್ಲಿ ಕೆತ್ತಲ್ಪಟ್ಟು ತಿರುಮಲೆಯ ದೇವಾಲಯದಲ್ಲಿ ಬಹುಕಾಲ ಮರೆತುಹೋಗಿದ್ದುವು. ಪತ್ರಗಳಲ್ಲಿ ರಾಗದ ಹೆಸರಿತ್ತು, ಸ್ವರವಿರಲಿಲ್ಲ. ಶರ್ಮರು ಆ ಪಾಠಗಳನ್ನು ಪರಿಷ್ಕರಿಸಿದರು. ಹಲವು ಕೀರ್ತನೆಗಳಿಗೆ ತಾವೇ ಸ್ವರ ಕೂಡಿಸಿದರು. ಸಾಹಿತ್ಯ ಮತ್ತು ಸಂಗೀತ ಎರಡರಲ್ಲಿಯೂ ನುರಿತವರಿಗೆ ಮಾತ್ರ ಸಾಧ್ಯವಾದ ಕೆಲಸವದು. 1974ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಆಗ ಅವರಿಗೆ 81 ವರ್ಷ. 1979ರ ಮಾರ್ಚ್ 11ರಂದು, ತಿರುಮಲ ತಿರುಪತಿ ದೇವಸ್ಥಾನದ ಆಸ್ಥಾನ ವಿದ್ವಾಂಸ ಗೌರವ ಸಂದ ದಿನವೇ, ಅವರು ಬೆಂಗಳೂರಿನಲ್ಲಿ ಕಾಲವಾದರು.

ಈ ಜೀವನವನ್ನು ಒಂದು ಮಾನಪತ್ರಕ್ಕೆ ಇಳಿಸುವುದಾದರೆ ಏನನ್ನು ಬರೆಯುತ್ತೇವೆ? ಬಿರುದುಗಳನ್ನು ಬರೆದರೆ ಎರಡು ಸಾಲಿಗೆ ಮುಗಿಯುತ್ತದೆ. ದಾರಿಯನ್ನು ಬರೆದರೆ ನಾಲ್ವರು ಕಾಣಿಸುತ್ತಾರೆ: ಮನೆಯಲ್ಲಿ ಅಕ್ಷರ ಕಲಿಸಿದ ತಂದೆತಾಯಿ, ದೂರದ ಊರಿನಲ್ಲಿ ಆಶ್ರಯವಿತ್ತ ಮಠ, ಕಲೆಯನ್ನು ಧಾರೆಯೆರೆದ ಗುರು, ಪದವಿ ಪತ್ರವನ್ನು ಕೇಳದೆ ಯೋಗ್ಯತೆಯನ್ನು ಕಂಡ ಹಿರಿಯ. ಈ ನಾಲ್ವರಲ್ಲಿ ಒಬ್ಬರು ತಪ್ಪಿದ್ದರೂ ರಾಳ್ಳಪಲ್ಲಿಯ ಹುಡುಗ ಅಲ್ಲಿಯವರೆಗೆ ಹೋಗುತ್ತಿದ್ದನೋ ಇಲ್ಲವೋ! ಕೇಳುವ ಮಗುವಿಗೆ ಉಪಯೋಗವಾಗುವ ಚರಿತ್ರೆ ಇದು.

ಎರಡನೆಯವರು ಹಿಂದೂಪುರ ಸೀಮೆಯ ಕಲ್ಲೂರು ಸುಬ್ಬರಾಯರು. 1897ರಲ್ಲಿ ಹುಟ್ಟಿದ ಇವರು ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಸೆರೆಮನೆಯನ್ನು ಕಂಡವರು. ಮುಂದೆ ಮದರಾಸು ಪ್ರಾಂತದಿಂದ ಭಾರತದ ಸಂವಿಧಾನ ಸಭೆಗೆ ಸದಸ್ಯರಾದರು. 1946ರ ಡಿಸೆಂಬರ್ 9ರಂದು ಮೊದಲು ಸೇರಿದ ಆ ಸಭೆ 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. ತನ್ನದೇ ಆದ ಭಾಷೆ, ಲಿಪಿ, ಸಂಸ್ಕೃತಿಗಳುಳ್ಳ ಯಾವುದೇ ಜನವರ್ಗಕ್ಕೆ ಅವುಗಳನ್ನು ಉಳಿಸಿಕೊಳ್ಳುವ ಹಕ್ಕುಂಟೆಂದು ಅದರ 29ನೆಯ ವಿಧಿ ಸಾರುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ.

ಮಡಕಶಿರದ ಹಳ್ಳಿಯೊಂದರಲ್ಲಿ ಕನ್ನಡದ ಪಾಠಪುಸ್ತಕವನ್ನು ತೆರೆದು ಕುಳಿತ ಮಗು ಈ ವಿಧಿಗಳ ನೆರಳಿನಲ್ಲಿದೆ. ಅವುಗಳಲ್ಲಿ ಮೊದಲನೆಯದನ್ನು ರೂಪಿಸಿದ ಸಭೆಯಲ್ಲಿ ನಮ್ಮ ನೆರೆಯೂರಿನವರೊಬ್ಬರು ಕುಳಿತಿದ್ದರೆಂಬುದನ್ನು ಆ ಮಗುವಿಗೆ ಹೇಳುವವರು ಬೇಕು. ಹೇಳದಿದ್ದರೆ ಸಂವಿಧಾನವೆಂಬುದು ದೆಹಲಿಯಲ್ಲಿ ಯಾರೋ ಬರೆದ ದಪ್ಪ ಪುಸ್ತಕವಾಗಿಯೇ ಉಳಿಯುತ್ತದೆ.

ಈ ಇಬ್ಬರ ಜೊತೆಗೆ ನೆರೆಯ ಪೆನುಕೊಂಡೆಯ ಒಂದು ಸಂಗತಿಯನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ತೆಲುಗಿನ ಮಹಾಕವಿ ಪುಟ್ಟಪರ್ತಿ ನಾರಾಯಣಾಚಾರ್ಯರು (1914–1990) ಬೆಳೆದುದು ಅಲ್ಲಿ. ವಿಜಯನಗರದ ಅರಸರು 1565ರ ಸೋಲಿನ ಬಳಿಕ ನೆಲೆಸಿದ ಆ ಕೋಟೆಯೂರಿನ ಗತವೈಭವವನ್ನು ಕುರಿತು ಅವರು ಎಳೆಯ ವಯಸ್ಸಿನಲ್ಲೇ ‘ಪೆನುಗೊಂಡ ಲಕ್ಷ್ಮಿ’ ಎಂಬ ಕಾವ್ಯವನ್ನು ಬರೆದರು. ಮುಂದೆ ಅವರು ವಿದ್ವಾನ್ ಪರೀಕ್ಷೆಗೆ ಕುಳಿತಾಗ ಅದೇ ಕಾವ್ಯ ಆ ಪರೀಕ್ಷೆಗೆ ಪಠ್ಯವಾಗಿತ್ತು! ತನ್ನ ಪುಸ್ತಕದ ಮೇಲಿನ ಪ್ರಶ್ನೆಗಳಿಗೆ ತಾನೇ ಉತ್ತರ ಬರೆಯಬೇಕಾಗಿ ಬಂದ ವಿದ್ಯಾರ್ಥಿ ಇನ್ನೆಲ್ಲಿ ಸಿಕ್ಕಾನು? ಪರೀಕ್ಷೆಯ ಅಂಕಗಳು ಒಬ್ಬನ ಶಕ್ತಿಯನ್ನೆಲ್ಲ ಅಳೆಯಲಾರವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟರಿಂದ ಪದವಿಗಳು ನಿರರ್ಥಕವೆಂದು ಯಾರೂ ಭಾವಿಸಬಾರದು. ಬಡ ರೈತನ ಮನೆಯಲ್ಲಿ ಹುಟ್ಟಿ, ಮಳೆ ಕಾಣದ ಈ ನೆಲದಲ್ಲಿ ಕಡಲೆಕಾಯಿ ಬೆಳೆಯನ್ನು ನಂಬಿದ ತಂದೆಯ ಕಷ್ಟವನ್ನು ಕಂಡು, ಪ್ರೌಢಶಾಲೆಯನ್ನು ಮುಗಿಸಿ ಪದವಿ ಪಡೆಯುವವನ ಸಾಹಸ ಸಾಮಾನ್ಯವಾದುದಲ್ಲ. ಗಡಿಯ ಕನ್ನಡ ಮಾಧ್ಯಮದ ಮಗುವಿಗಂತೂ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ, ರಾಜ್ಯದ ಆಡಳಿತ ತೆಲುಗು, ಮುಂದಿನ ಕಾಲೇಜಿನ ಪಾಠ ಇಂಗ್ಲಿಷು. ‘ಕನ್ನಡದಲ್ಲಿ ಓದಿದರೆ ಮುಂದೇನು?’ ಎಂದು ತಂದೆತಾಯಿಗಳು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ದೊರೆಯದಾದಾಗ ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತದೆ. ಮಕ್ಕಳಿಲ್ಲದ ಶಾಲೆ ಬಹುದಿನ ನಿಲ್ಲುವುದಿಲ್ಲ. ಅದೇ ಬೆಂಚಿನ ಮೇಲೆ ಕುಳಿತು ಕಲಿತವನು ಎದ್ದು ನಿಂತು, ‘ನಾನು ಹೀಗೆ ದಾಟಿದೆ’ ಎಂದು ಹೇಳಿದರೆ ಅದಕ್ಕಿಂತ ಒಳ್ಳೆಯ ಉತ್ತರ ಬೇರೊಂದಿಲ್ಲ. ಹಳೆಯ ವಿದ್ಯಾರ್ಥಿಗಳ ಸನ್ಮಾನ ನಮಗೆ ಆಡಂಬರವಲ್ಲ, ಅವಶ್ಯಕತೆಯೆಂದು ನಾನು ಹೇಳುವುದು ಈ ಕಾರಣದಿಂದ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಸನ್ಮಾನಿತರ ವಿಷಯವಾಗಿ ಪ್ರತಿ ಶಾಲೆಯಲ್ಲಿಯೂ ಒಂದು ದಪ್ಪ ನೋಟುಪುಸ್ತಕವನ್ನು ಇಡಿರಿ. ಅವರು ಯಾವ ಹಳ್ಳಿಯಿಂದ ಎಷ್ಟು ದೂರ ನಡೆದು ಬರುತ್ತಿದ್ದರು, ಯಾರ ಮನೆಯಲ್ಲಿ ಉಂಡರು, ಯಾವ ಗುರುಗಳು ಪುಸ್ತಕ ಕೊಟ್ಟರು, ಯಾವ ವಿಷಯದಲ್ಲಿ ಎಡವಿದರು, ಹೊಸ ಭಾಷೆಯನ್ನು ಹೇಗೆ ವಶಪಡಿಸಿಕೊಂಡರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯಿಸಿರಿ. ಬರೆಯುವ ಕೆಲಸವನ್ನು ಹತ್ತನೆಯ ತರಗತಿಯ ಮಕ್ಕಳಿಗೇ ಒಪ್ಪಿಸಬಹುದು. ಪ್ರಬಂಧ ರಚನೆಯ ಅಭ್ಯಾಸವೂ ಆಯಿತು, ಶಾಲೆಯ ಚರಿತ್ರೆಯೂ ಆಯಿತು. ಕಲಿತವರ ಜೊತೆಗೆ ಕಲಿಸಿದವರನ್ನೂ ಅದೇ ವೇದಿಕೆಯಲ್ಲಿ ಕುಳ್ಳಿರಿಸಿರಿ. ಸನ್ಮಾನ ಪಡೆದವರು ಸಾಲೋಟಗಿಯವರನ್ನು ನೆನೆದು, ತಮ್ಮ ಮನೆಯ ಒಂದು ಶುಭಕಾರ್ಯದ ದಿನ ಒಂದು ಮಗುವಿನ ಪುಸ್ತಕದ ಖರ್ಚನ್ನೋ ವಸತಿಯ ಖರ್ಚನ್ನೋ ವಹಿಸಿಕೊಂಡರೆ ಹಳೆಯ ಕಟ್ಟಳೆಯನ್ನು ನಡೆಸಿದಂತಾಗುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಮುಂದಿನ ವಾರ್ಷಿಕೋತ್ಸವದಲ್ಲಿ ನಿಮ್ಮ ಊರಿನ ಹಿರಿಯರೊಬ್ಬರಿಗೆ ಶಾಲು ಹೊದಿಸಿದಾಗ ಚಪ್ಪಾಳೆ ತಟ್ಟಿರಿ; ಆಮೇಲೆ ಹತ್ತಿರ ಹೋಗಿ, ನಮಸ್ಕರಿಸಿ, ‘ನಿಮಗೆ ಮೊದಲು ಸಹಾಯ ಮಾಡಿದವರು ಯಾರು?’ ಎಂದು ಕೇಳಿರಿ. ಅವರು ಹೇಳುವ ಹೆಸರು ಯಾವ ಮಾನಪತ್ರದಲ್ಲಿಯೂ ಇರಲಾರದು. ಅದನ್ನು ಬರೆದಿಟ್ಟುಕೊಳ್ಳಿರಿ.