ಗ್ರಾಮಫೋನ್ ಮುಳ್ಳಿನ ಚರಿತ್ರೆ

ಬೆಲೆಬಾಳುವ ಟರ್ನ್‌ಟೇಬಲ್ ಒಂದರ ಕಾರ್ಟ್ರಿಜ್ ಸವೆದಾಗ ಅದರ ಸ್ಥಾನದಲ್ಲಿ ಯಾವುದನ್ನು ಕೂಡಿಸಬೇಕು? ಅಂಗಡಿಯವರು ಈ ಪ್ರಶ್ನೆಗೆ ಬೆಲೆಯ ಪಟ್ಟಿಯನ್ನು ಮುಂದಿಡುವರು. ಚರಿತ್ರೆಯ ಉತ್ತರವೇ ಬೇರೆ. ಕಾರ್ಟ್ರಿಜ್ ಎಂಬುದು ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪುಟ್ಟ ಡಬ್ಬಿ. ತಟ್ಟೆಯ ಮೇಲಣ ಗೀರು ಬದಲಾದಂತೆಲ್ಲ ಮುಳ್ಳು ಬದಲಾಯಿತು. ಮುಳ್ಳಿನೊಡನೆ ಅದನ್ನು ಹೊರುವ ತೋಳೂ ಬದಲಾಯಿತು. ಈ ಮೂರರ ಹೊಂದಿಕೆ ತಪ್ಪಿದಲ್ಲಿ ಕೆಡುವುದು ಯಂತ್ರವಲ್ಲ, ತಟ್ಟೆ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಗತಿಸಿದ ಗಾಯಕರ ಕಂಠ ಉಳಿದಿರುವುದು ಆ ಒಂದೇ ತಟ್ಟೆಯಲ್ಲಿರಬಹುದು.

ಎಡಿಸನ್ನನು 1877ರಲ್ಲಿ ರಚಿಸಿದ ಯಂತ್ರದಲ್ಲಿ ಮುಳ್ಳು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಹತ್ತು ವರ್ಷಗಳ ತರುವಾಯ ಬರ್ಲಿನರನು ಅದನ್ನು ಎಡಬಲಕ್ಕೆ ಆಡಿಸಿ, ಉರುಳೆಯನ್ನು ಬಿಟ್ಟು ಚಪ್ಪಟೆ ತಟ್ಟೆಯನ್ನು ಹಿಡಿದನು. ತಟ್ಟೆಗೆ ಬೇಕಾದ ಅರಗು ಬಹುಮಟ್ಟಿಗೆ ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. ಅರಗಿನಲ್ಲಿ ಕಲ್ಲಿನ ಪುಡಿಯನ್ನು ಬೆರೆಸುತ್ತಿದ್ದರು. ಒರಟಾದ ಆ ಗೀರು ಉಕ್ಕಿನ ಮುಳ್ಳನ್ನು ಮೊದಲ ಕೆಲವು ಸುತ್ತುಗಳಲ್ಲಿಯೇ ತನ್ನ ಆಕಾರಕ್ಕೆ ತೇಯ್ದುಕೊಳ್ಳುತ್ತಿತ್ತು. ಆದುದರಿಂದಲೇ ತಟ್ಟೆಯ ಒಂದೊಂದು ಮಗ್ಗುಲಿಗೂ ಹೊಸ ಮುಳ್ಳನ್ನು ಹಾಕಬೇಕೆಂಬ ನಿಯಮವಿದ್ದಿತು. ಅದು ವ್ಯಾಪಾರಿಯ ಉಪಾಯವೆಂದು ತಿಳಿದು ಹಳೆಯದನ್ನೇ ಓಡಿಸಿದವರ ತಟ್ಟೆಗಳು ಇಂದು ಬೂದುಬಣ್ಣಕ್ಕೆ ತಿರುಗಿವೆ. ಸೌಂಡ್ ಬಾಕ್ಸಿನ ಭಾರ 100 ಗ್ರಾಮಿಗೂ ಮಿಗಿಲಾಗಿತ್ತು. ತಟ್ಟೆಯ ಮೇಲೆ ಕನಿಕರವಿದ್ದ ಕೆಲವರು ಬಿದಿರಿನ ಚೂರನ್ನೋ ಗಿಡದ ಮುಳ್ಳನ್ನೋ ಹರಿತಮಾಡಿ ಬಳಸುತ್ತಿದ್ದರು. ಗ್ರಾಮಫೋನಿನ ಸೂಜಿಗೆ ಮುಳ್ಳೆಂದು ಕರೆಯುವ ನಮ್ಮ ರೂಢಿ ಅವರ ಮಟ್ಟಿಗೆ ಅಕ್ಷರಶಃ ಸತ್ಯ.

1925ರಲ್ಲಿ ಧ್ವನಿಮುದ್ರಣಕ್ಕೆ ವಿದ್ಯುತ್ತು ಬಂದಿತು. 1948ರಲ್ಲಿ ಅಮೆರಿಕೆಯ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ತಟ್ಟೆಯನ್ನು ಹೊರತಂದಿತು. 78 ಸುತ್ತಿನ ತಟ್ಟೆಗೆ ಇಂಚಿನ ಸಾವಿರದ 3 ಭಾಗದಷ್ಟು ತ್ರಿಜ್ಯದ ಮೊನೆ ಸಾಕಾಗಿದ್ದರೆ, ಹೊಸ ಗೀರಿಗೆ 1 ಭಾಗದ ಮೊನೆಯೇ ಬೇಕಾಯಿತು. ಕಿರಿಯ ಮೊನೆಯನ್ನು ಹಳೆಯ ಗೀರಿನಲ್ಲಿ ಓಡಿಸಿದರೆ ಅದು ತಳಕ್ಕಿಳಿದು ಧೂಳನ್ನು ಕೆರೆಯುತ್ತದೆ; ಹಿರಿಯ ಮೊನೆ ಹೊಸ ಗೀರಿನ ಅಂಚನ್ನೇ ಮುರಿಯುತ್ತದೆ. ಭಾರತದಲ್ಲಿ 78ರ ತಟ್ಟೆಗಳು 1960ರ ದಶಕದ ಉತ್ತರಾರ್ಧದವರೆಗೂ ತಯಾರಾಗುತ್ತಿದ್ದುದರಿಂದ ಎರಡು ಬಗೆಯ ತಟ್ಟೆಗಳೂ ಒಂದೇ ಪೆಟ್ಟಿಗೆಯಲ್ಲಿರುವ ಮನೆಗಳು ನಮ್ಮಲ್ಲಿ ಹಲವು. ಇಂತಹವರಿಗೆಂದೇ ಎರಡು ಮುಳ್ಳುಗಳ, ತಿರುಗಿಸಿ ಹಾಕುವ ಕಾರ್ಟ್ರಿಜ್‌ಗಳಿದ್ದವು.

ಇಂಗ್ಲೆಂಡಿನ ಅಲನ್ ಬ್ಲೂಮ್ಲೀನನು 1931ರಲ್ಲಿಯೇ ಒಂದು ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದನು. ಗೀರಿನ ಎರಡು ಗೋಡೆಗಳೂ ತಟ್ಟೆಯ ಮೈಗೆ 45 ಅಂಶ ಓರೆಯಾಗಿದ್ದು, ಒಳಗೋಡೆಯಲ್ಲಿ ಎಡಗಿವಿಯ ನಾದ, ಹೊರಗೋಡೆಯಲ್ಲಿ ಬಲಗಿವಿಯ ನಾದ: ಎಡಿಸನ್ನನ ಏರಿಳಿತವೂ ಬರ್ಲಿನರನ ಎಡಬಲವೂ ಒಂದೇ ಗೀರಿನಲ್ಲಿ ಕೂಡಿದುವು. ಎಂತಹ ಬುದ್ಧಿ! 1942ರಲ್ಲಿ ರೇಡಾರ್ ಪರೀಕ್ಷೆಯ ವಿಮಾನ ಬಿದ್ದು ಅವನು 38ನೆಯ ವಯಸ್ಸಿನಲ್ಲಿ ಮಡಿದನು. ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದುದು 1958ರ ಸುಮಾರಿಗೆ. ಮೊನೆ ಇನ್ನೂ ಕಿರಿದಾಗಿ ಸಾವಿರದ 0.7 ಭಾಗಕ್ಕಿಳಿಯಿತು. ಮೇಲೆಕೆಳಗೆ ಆಡಲಾರದ ಹಳೆಯ ಮಾನೋ ಕಾರ್ಟ್ರಿಜ್ ಸ್ಟೀರಿಯೋ ಗೀರನ್ನು ಉಳುಮೆ ಮಾಡಿದಂತೆ ಕೆಡಿಸುವುದು.

ಇಲ್ಲಿಂದ ಮುಂದೆ ಎರಡು ಪಂಥಗಳು. ಮುಳ್ಳಿನ ಕಡ್ಡಿಗೆ ಸಣ್ಣ ಅಯಸ್ಕಾಂತವನ್ನು ಕಟ್ಟಿ ಸುರುಳಿಯನ್ನು ಸ್ಥಿರವಾಗಿಟ್ಟರೆ ಒಂದು; ಸುರುಳಿಯನ್ನೇ ಕಡ್ಡಿಗೆ ಕಟ್ಟಿದರೆ ಇನ್ನೊಂದು. ಮೊದಲನೆಯದು ವೋಲ್ಟಿನ ಸಾವಿರದ 4–5 ಭಾಗ ಕೊಡುವುದು, ಅದರ ಮುಳ್ಳನ್ನು ಮನೆಯಲ್ಲಿಯೇ ಕಳಚಿ ಬದಲಿಸಬಹುದು. ಎರಡನೆಯದರ ವಿದ್ಯುತ್ತು ಅದರ ಹತ್ತರಲ್ಲೊಂದು ಪಾಲಾದುದರಿಂದ ಪ್ರತ್ಯೇಕ ವರ್ಧಕ ಬೇಕು. ಮುಳ್ಳು ಸವೆದರೆ ಇಡೀ ಡಬ್ಬಿಯನ್ನು ತಯಾರಕರಿಗೆ ಕಳುಹಬೇಕು. 1964ರಲ್ಲಿ ಬಂದ ಶೂರ್ ಸಂಸ್ಥೆಯ ವಿ–15 ಮೊದಲ ಪಂಥದ ಪ್ರಸಿದ್ಧ ಉದಾಹರಣೆ. ಅದೇ ದಶಕದಲ್ಲಿ ಜಪಾನಿನ ಡೆನನ್ ಸಂಸ್ಥೆ ಎನ್.ಎಚ್.ಕೆ. ಪ್ರಸಾರ ಸಂಸ್ಥೆಗಾಗಿ ರೂಪಿಸಿದ ಡಿಎಲ್–103 ಎರಡನೆಯದು. ಅದು ಇಂದಿಗೂ ತಯಾರಾಗುತ್ತಿದೆ.

ಯಾವುದು ಉತ್ತಮ? ತೋಳನ್ನು ನೋಡದೆ ಈ ಪ್ರಶ್ನೆಗೆ ಉತ್ತರವಿಲ್ಲ. ವಿ–15ರ ಕಡ್ಡಿ ಮೆತ್ತಗೆ ಬಳುಕುವಂಥದು, 1959ರಲ್ಲಿ ಬಂದ ಎಸ್.ಎಂ.ಇ. 3009ರಂತಹ ಹಗುರ ತೋಳಿಗೆ ಒಪ್ಪುವುದು. ಡೆನನ್ನಿನದು ಬಿಗಿಯಾದ ಕಡ್ಡಿ, 2.5 ಗ್ರಾಂ ಒತ್ತಡವನ್ನೂ ಭಾರವಾದ ತೋಳನ್ನೂ ಬೇಡುವುದು. ಉಪಾಧ್ಯಾಯ ಮಿತ್ರರು ತರಗತಿಯಲ್ಲಿ ಮಾಡಿಸಬಹುದಾದ ಲೆಕ್ಕವೊಂದಿದೆ. ತೋಳಿನ ಕಾರ್ಯಕಾರಿ ದ್ರವ್ಯರಾಶಿಗೆ ಕಾರ್ಟ್ರಿಜ್‌ನ ತೂಕವನ್ನು ಗ್ರಾಮಿನಲ್ಲಿ ಕೂಡಿಸಿ, ಒಂದು ಮಿಲಿನ್ಯೂಟನ್ ಬಲಕ್ಕೆ ಕಡ್ಡಿ ಎಷ್ಟು ಮೈಕ್ರೊಮೀಟರ್ ಬಾಗುವುದೋ ಆ ಸಂಖ್ಯೆಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಬೇಕು. 25 ಗ್ರಾಂ, 10 ಮೈಕ್ರೊಮೀಟರ್ ಆದರೆ ಸುಮಾರು 10 ಹರ್ಟ್ಸ್. 8ರಿಂದ 12ರ ನಡುವೆ ಬಂದರೆ ಜೋಡಿ ಸರಿ. ಅದಕ್ಕಿಂತ ಬಹಳ ಕಡಿಮೆಯಾದರೆ ಸೊಟ್ಟಗಾದ ತಟ್ಟೆಯ ಮೇಲೆ ತೋಳು ತೊನೆಯುವುದು, ಬಹಳ ಹೆಚ್ಚಾದರೆ ಮಂದ್ರಸ್ವರಗಳೊಳಗೆ ಗುಡುಗು ಸೇರುವುದು. ಜಪಾನಿನ ತಯಾರಕರು ಬಾಗುವಿಕೆಯನ್ನು 100 ಹರ್ಟ್ಸ್‌ನಲ್ಲಿ ಅಳೆದು ಕೊಡುವ ವಾಡಿಕೆಯುಂಟು. 10 ಹರ್ಟ್ಸ್‌ನಲ್ಲಿ ಆ ಅಂಕಿ ಇನ್ನೂ ದೊಡ್ಡದೆಂಬುದನ್ನು ಮರೆತರೆ ಲೆಕ್ಕ ತಪ್ಪುವುದು.

ಶೂರ್ ಸಂಸ್ಥೆ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಆದರೂ ವಿ–15 ಉಳ್ಳವರು ಅದನ್ನು ಎಸೆಯಬೇಕಾಗಿಲ್ಲ. ಡಬ್ಬಿ ಸರಿಯಿದ್ದರೆ ಮುಳ್ಳನ್ನು ಮಾತ್ರ ತರಿಸಬಹುದು. ಜಪಾನಿನ ಜೈಕೋ ಎಂಬ ಕಾರ್ಖಾನೆ ಅದಕ್ಕೆ ಒಪ್ಪುವ ವಜ್ರದ ಮುಳ್ಳನ್ನು ಮಾಡಿ ಮಾರುತ್ತಿದೆ. ಆ ಮನೆತನದ ಮೊದಲ ಕಸುಬು ಬಟ್ಟೆ ಹೊಲಿಯುವ ಸೂಜಿಯದು.