ನರಸಂದಿನ ವಿಚಾರ

ಒಂದು ನರಕೋಶವು ಮತ್ತೊಂದನ್ನು ಸಮೀಪಿಸುವ ಎಡೆಗೆ ಪಾಶ್ಚಾತ್ಯ ಶಾಸ್ತ್ರದಲ್ಲಿ ‘ಸಿನಾಪ್ಸ್’ ಎಂದು ಹೆಸರು. ಈ ಶಬ್ದವನ್ನು ಬಳಕೆಗೆ ತಂದವರು ಶೆರಿಂಗ್ಟನ್ ಎಂಬ ಶರೀರಶಾಸ್ತ್ರಜ್ಞರು. ಆದರೆ ಅದನ್ನು ಆಯ್ದುಕೊಟ್ಟವರು ಕೇಂಬ್ರಿಜ್ಜಿನ ಗ್ರೀಕ್ ಪಂಡಿತರಾದ ವೆರಾಲ್ ಎಂಬವರು. 1897ರಲ್ಲಿ ಪ್ರಕಟವಾದ ಫಾಸ್ಟರರ ಶರೀರಶಾಸ್ತ್ರ ಗ್ರಂಥಕ್ಕೆ ನರಮಂಡಲದ ಭಾಗವನ್ನು ಬರೆಯುವಾಗ ಶೆರಿಂಗ್ಟನ್ನರು ‘ಸಿಂಡೆಸ್ಮ್’ ಎಂಬ ಶಬ್ದವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ವೆರಾಲರು ‘ಸಿನಾಪ್ಸ್’ ಎಂಬುದೇ ಲೇಸೆಂದೂ ಅದರಿಂದ ವಿಶೇಷಣರೂಪವು ಚೆನ್ನಾಗಿ ಸಿದ್ಧಿಸುವುದೆಂದೂ ಸೂಚಿಸಿದರು. ಶಾಬ್ದಿಕರ ಮಾತಿಗೆ ಶರೀರಶಾಸ್ತ್ರಜ್ಞರು ತಲೆಬಾಗಿದ ಈ ಸಂಗತಿಯು ಸಾಹಿತ್ಯಾಧ್ಯಾಪಕರಿಗೆ ಸಂತೋಷವನ್ನುಂಟುಮಾಡದೆ ಇರದು.

ಕನ್ನಡದಲ್ಲಿ ಇದನ್ನು ‘ನರಸಂಧಿ’ ಎನ್ನಬಹುದಾದರೂ ಒಂದು ಆಕ್ಷೇಪವುಂಟು. ವ್ಯಾಕರಣದ ಸಂಧಿಯಲ್ಲಿ ಲೋಪವೋ ಆಗಮವೋ ಆದೇಶವೋ ಆಗಿ ಎರಡು ವರ್ಣಗಳು ಕೂಡಿಹೋಗುವುವು. ಇಲ್ಲಿ ಎರಡು ಕೋಶಗಳು ಕೂಡುವುದೇ ಇಲ್ಲ. ಪ್ರಗೃಹ್ಯಸ್ವರದಂತೆ ಪ್ರಕೃತಿಭಾವದಲ್ಲಿಯೇ ನಿಲ್ಲುವುವು. ಆದುದರಿಂದ ಸಂಧಿಶಬ್ದದ ತದ್ಭವವಾದ ‘ಸಂದು’ ಎಂಬುದೇ ಹೆಚ್ಚು ಒಪ್ಪುವಂತೆ ತೋರುತ್ತದೆ. ಅದಕ್ಕೆ ಕೂಡುವೆಡೆ ಎಂಬ ಅರ್ಥವೂ ಇದೆ, ಬಿರುಕೆಂಬ ಅರ್ಥವೂ ಇದೆ. ಕಲಬುರಗಿ ಜಿಲ್ಲೆಯ ಭಂಕೂರ, ಶಹಾಬಾದಗಳ ಕಡೆಯ ಹಾಸುಗಲ್ಲುಗಳನ್ನು ನೆಲಕ್ಕೆ ಜೋಡಿಸಿದಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಉಳಿಯುವುದು ಇಂಥ ಸಂದೇ. ಅಲ್ಲಿ ಗಾರೆಯು ಸಂದನ್ನು ಮುಚ್ಚುತ್ತದೆ; ನರಗಳಲ್ಲಿ ಅದು ತೆರೆದೇ ಇರುತ್ತದೆ.

ಇದು ಸುಲಭವಾಗಿ ಸಿದ್ಧಾಂತವಾದ ವಿಷಯವಲ್ಲ. ಇಟಲಿಯ ಗಾಲ್ಜಿಯವರು ನರಗಳೆಲ್ಲವೂ ಒಂದೇ ಬಲೆಯೆಂದು ವಾದಿಸಿದರು. ಸ್ಪೇನಿನ ಕಹಾಲರು ಕೋಶಗಳು ಬೇರೆಬೇರೆ ಎಂದರು. 1906ರಲ್ಲಿ ಇಬ್ಬರಿಗೂ ಒಂದೇ ನೊಬೆಲ್ ಬಹುಮಾನವು ದೊರೆಯಿತು. ಗಾಲ್ಜಿಯವರು ಬಹುಮಾನದ ಉಪನ್ಯಾಸದಲ್ಲಿಯೇ ಪ್ರತಿವಾದಿಯ ಮತವನ್ನು ಖಂಡಿಸಿದರು. 1950ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕವು ಮಿಲಿಮೀಟರಿನ ಒಂದು ಲಕ್ಷ ಭಾಗಗಳಲ್ಲಿ ಎರಡರಷ್ಟು ಅಗಲದ ಆ ಸಂದನ್ನು ಕಣ್ಣಿಗೆ ತೋರಿಸಿದ ಮೇಲೆ ವಿವಾದಕ್ಕೆ ಎಡೆಯಿಲ್ಲದಂತಾಯಿತು. ಸಂದಿನ ಈಚೆಯ ದಡದಲ್ಲಿ ಸಣ್ಣ ಸಣ್ಣ ಚೀಲಗಳು ಗುಂಪುಗೂಡಿರುವುದೂ ಕಂಡುಬಂದಿತು. ಸಂದೇಶವನ್ನೊಯ್ಯುವ ರಸದ್ರವ್ಯವು ಈ ಚೀಲಗಳಲ್ಲಿರುತ್ತದೆ. ಚೀಲದ ಪೊರೆಯು ಕೋಶದ ಪೊರೆಯೊಡನೆ ಬೆರೆತು ಒಡೆದಾಗ ದ್ರವ್ಯವು ಸಂದಿಗೆ ಸುರಿಯುತ್ತದೆ. ವೈಯಾಕರಣರ ನಿಜವಾದ ಸಂಧಿಯು ನಡೆಯುವುದು ಕೋಶಕ್ಕೂ ಕೋಶಕ್ಕೂ ಅಲ್ಲ, ಚೀಲಕ್ಕೂ ಪೊರೆಗೂ ಎಂದು ಹೇಳಬೇಕು.

ಈ ಬೆರಕೆಯನ್ನು ಯಾವ ಪ್ರೋಟೀನುಗಳು ನಡೆಸುತ್ತವೆ ಎಂಬ ಪ್ರಶ್ನೆಗೆ ಉತ್ತರವು ಎರಡು ದಾರಿಗಳಿಂದ ಬಂದಿತು. ಒಂದು ರಸಾಯನದ ದಾರಿ. ಇನ್ನೊಂದು ಹಣ್ಣಿನ ನೊಣದ ದಾರಿ. ಎರಡನೆಯದರಲ್ಲಿ ಭಾರತೀಯರ ಭಾಗವು ಸಣ್ಣದಲ್ಲ. ಆದರೂ ಚರಿತ್ರೆಯನ್ನು ಹೇಳುವವರು ಅದನ್ನು ಒಂದೋ ಬಿಟ್ಟುಬಿಡುತ್ತಾರೆ, ಇಲ್ಲವೆ ಅಭಿಮಾನದಿಂದ ಹಿಗ್ಗಿಸುತ್ತಾರೆ.

ಒಬೈದ್ ಸಿದ್ದಿಖಿಯವರು 1932ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಜನಿಸಿದರು. ಅಲಿಗಢದಲ್ಲಿಯೂ ಗ್ಲಾಸ್ಗೋವಿನಲ್ಲಿಯೂ ವ್ಯಾಸಂಗ ಮಾಡಿ, 1962ರಲ್ಲಿ ಹೋಮಿ ಭಾಭಾ ಅವರ ಆಶ್ರಯದಿಂದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದ ಶಾಖೆಯನ್ನು ಸ್ಥಾಪಿಸಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು 1990ರ ದಶಕದ ಆದಿಯಲ್ಲಿ ಅವರ ಪ್ರಯತ್ನದಿಂದಲೇ ಉದಯಿಸಿತು. ಅಮೆರಿಕದಲ್ಲಿ ಸೀಮೋರ್ ಬೆಂಜರರೊಡನೆ ಸೇರಿ ಅವರು 1976ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಸೆಕೆಯೇರಿದೊಡನೆ ನಿಶ್ಚೇಷ್ಟಿತವಾಗಿ ಬೀಳುವ ನೊಣದ ವಿಕೃತ ಕುಲಗಳ ನರಗಳಲ್ಲಿ ದೋಷವೆಲ್ಲಿದೆ ಎಂಬುದು ಅದರ ವಿಷಯ.

ಆ ಕುಲಗಳಲ್ಲಿ ಎರಡು ಇಲ್ಲಿ ಮುಖ್ಯವಾದುವು. ಮೊದಲನೆಯದಾದ ‘ಶಿಬಿರೆ’ಯು ಕೆನಡಾದೇಶದ ಡೇವಿಡ್ ಸುಜುಕಿಯವರ ಬಳಗಕ್ಕೆ ದೊರೆತದ್ದು. (ಈ ಹೆಸರಿಗೂ ಸಂಸ್ಕೃತದ ಶಿಬಿರಶಬ್ದಕ್ಕೂ ಯಾವ ಸಂಬಂಧವೂ ಇಲ್ಲ, ಅದು ಜೋಮು ಹಿಡಿಯುವುದೆಂಬ ಅರ್ಥದ ಜಪಾನೀ ಶಬ್ದ.) ಈ ನೊಣವು ಸುಮಾರು 29 ಡಿಗ್ರಿಯ ಉಷ್ಣತೆಯಲ್ಲಿ ಬಿದ್ದು, ತಂಪಾದೊಡನೆ ಎದ್ದು ಓಡಾಡುತ್ತದೆ. ಎರಡನೆಯದು ‘ಕೋಮಟೋಸ್’, ಎಂದರೆ ಮೂರ್ಛಿತ. ಇದು ಸುಮಾರು 38 ಡಿಗ್ರಿಯಲ್ಲಿ ಬೀಳುತ್ತದೆ. ತಂಪಾದ ಮೇಲೂ ಬಹುಕಾಲ ಏಳುವುದಿಲ್ಲ. ಹೀಗೆ ನಡತೆಯನ್ನು ನೋಡಿ ಹೆಸರಿಟ್ಟದ್ದಾಯಿತು. ಹೆಸರಿನ ಹಿಂದಿರುವ ವಸ್ತುವು ತಿಳಿಯಲು ಹದಿನೈದಿಪ್ಪತ್ತು ವರ್ಷಗಳು ಹಿಡಿದುವು.

ಈ ನಡುವೆ ರಸಾಯನದ ದಾರಿಯಲ್ಲಿ ಜೇಮ್ಸ್ ರಾತ್ಮನ್ನರು 1988ರ ಹೊತ್ತಿಗೆ ‘ಎನ್‌ಎಸ್‌ಎಫ್’ ಎಂಬ ಪ್ರೋಟೀನನ್ನು ಶುದ್ಧೀಕರಿಸಿದ್ದರು. ಅದು ಸಿಕ್ಕಿದ್ದು ನರದಲ್ಲಲ್ಲ, ಸಾಮಾನ್ಯ ಕೋಶದ ಗಾಲ್ಜಿ ಅಂಗದ ಚೀಲಗಳ ಸಾಗಾಟವನ್ನು ಪರೀಕ್ಷಿಸುವಾಗ. ಸಂದನ್ನೇ ಒಪ್ಪದಿದ್ದ ಗಾಲ್ಜಿಯವರ ಹೆಸರಿನ ಅಂಗದಿಂದಲೇ ಸಂದಿನ ರಹಸ್ಯದ ಬೀಗದಕೈ ದೊರೆತದ್ದು ವಿಧಿವಿಲಾಸವೆನ್ನಬೇಕು. 1993ರಲ್ಲಿ ಅದೇ ರಾತ್ಮನ್ನರ ಬಳಗವು ಎನ್‌ಎಸ್‌ಎಫನ್ನೇ ಗಾಳದಂತೆ ಬಳಸಿ ದನದ ಮೆದುಳಿನ ರಸದಿಂದ ಅದಕ್ಕೆ ಅಂಟುವ ಮೂರು ಪ್ರೋಟೀನುಗಳನ್ನು ಎತ್ತಿತು. ಒಂದು ಚೀಲದ ಮೇಲಿನದು, ಎರಡು ಪೊರೆಯ ಮೇಲಿನವು. ಇವು ಹುರಿಯಂತೆ ಒಂದಕ್ಕೊಂದು ಹೆಣೆದುಕೊಂಡು ಚೀಲವನ್ನು ಪೊರೆಗೆ ಎಳೆದು ಬೆರಸುತ್ತವೆ. ಬೆರೆತ ಮೇಲೆ ಹುರಿಯನ್ನು ಬಿಡಿಸಿ ಮತ್ತೆ ಕೆಲಸಕ್ಕೆ ಅಣಿಮಾಡುವುದು ಎನ್‌ಎಸ್‌ಎಫಿನ ಕಾರ್ಯ. ಸಂಧಿಯಾದ ಮೇಲೆ ಪದಚ್ಛೇದ ಮಾಡಿದ ಹಾಗೆ.

1991ರಲ್ಲಿ ಶಿಬಿರೆಯ ವಂಶವಾಹಿಯು ಡೈನಮಿನ್ ಎಂಬ ಪ್ರೋಟೀನಿನದೆಂದು ವ್ಯಕ್ತವಾಯಿತು. ಬರಿದಾದ ಚೀಲದ ಪೊರೆಯನ್ನು ಕೋಶದ ಪೊರೆಯಿಂದ ಚಿವುಟಿ ಮರಳಿ ಒಳಕ್ಕೆ ತರುವುದು ಅದರ ಕೆಲಸ. ಅದು ನಿಂತರೆ ಚೀಲಗಳು ತೀರಿಹೋಗುತ್ತವೆ. 1995ರಲ್ಲಿ ಕೋಮಟೋಸಿನ ವಂಶವಾಹಿಯೆಂದರೆ ಎನ್‌ಎಸ್‌ಎಫಿನದೇ ಎಂದು ಪ್ಯಾಲಂಕ್, ಗನೆಟ್ಸ್ಕಿ ಮೊದಲಾದವರು ತೋರಿಸಿದರು. ಆ ನೊಣವನ್ನು ಸೆಕೆಯಲ್ಲಿಟ್ಟರೆ ಹೆಣೆದ ಹುರಿಗಳು ಬಿಚ್ಚದೆ ರಾಶಿಬೀಳುವುದೂ, ಚೀಲಗಳು ದಡದಲ್ಲಿ ಕಿಕ್ಕಿರಿದಿದ್ದರೂ ಸುರಿಯಲಾರದೆ ನಿಲ್ಲುವುದೂ 1998ರಲ್ಲಿ ಕಂಡುವು. ಪ್ರನಾಳದಲ್ಲಿ ಊಹಿಸಿದುದಕ್ಕೆ ಜೀವಂತ ಪ್ರಾಣಿಯ ಸಾಕ್ಷ್ಯವು ದೊರೆತದ್ದು ಹೀಗೆ.

ಇಲ್ಲಿ ಯಾರಿಗೆ ಎಷ್ಟು ಸಲ್ಲಬೇಕು? ಸಿದ್ದಿಖಿ ಬೆಂಜರರು ಎನ್‌ಎಸ್‌ಎಫನ್ನು ಕಂಡುಹಿಡಿದರೆನ್ನುವುದು ಸಲ್ಲದು. 1976ರಲ್ಲಿ ಆ ಹೆಸರೇ ಇರಲಿಲ್ಲ. ಶಿಬಿರೆಯನ್ನು ಅವರದೆನ್ನುವುದೂ ಸುಜುಕಿಯವರಿಗೆ ಅನ್ಯಾಯ. ಅವರಿಗೆ ಸಲ್ಲತಕ್ಕದ್ದು ಮೂರ್ಛೆಯ ಮೂಲವನ್ನು ನರವ್ಯಾಪಾರದಲ್ಲಿ ಹುಡುಕಿ, ಅದನ್ನು ಒಂದು ವಂಶವಾಹಿಗೆ ಕಟ್ಟಿಹಾಕಿ, ಮುಂದಿನವರು ಬಂದು ಬಿಚ್ಚುವಂತೆ ಗಂಟನ್ನು ಗುರುತಿಸಿಟ್ಟದ್ದು. ಪಾಠವು ಶುದ್ಧವಾಗಿದ್ದರೆ ತಾನೆ ವ್ಯಾಖ್ಯಾನ?

ಈ ಪರಂಪರೆಯು ಅಲ್ಲಿಗೇ ನಿಲ್ಲಲಿಲ್ಲ. ಟಾಟಾ ಸಂಸ್ಥೆಯ ಕೆ. ಎಸ್. ಕೃಷ್ಣನ್, ಮಣಿ ರಾಮಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಶಿಬಿರೆಯ ದೋಷವನ್ನು ಹೆಚ್ಚಿಸುವ ಇತರ ವಿಕೃತಿಗಳನ್ನು ಅರಸಿದರು. ಡೈನಮಿನ್ನಿಗೆ ಜಿಟಿಪಿ ಎಂಬ ಶಕ್ತಿದ್ರವ್ಯವು ಬೇಕು. ಅದನ್ನು ಒದಗಿಸುವ ಕಿಣ್ವದ ವಂಶವಾಹಿಯೇ ಹೀಗೆ ಕೈಗೆ ಸಿಕ್ಕಿತು. ಫಲಿತಾಂಶವು 2001ರಲ್ಲಿ ಪ್ರಕಟವಾಯಿತು. ಎರಡು ಪ್ರೋಟೀನುಗಳ ನಂಟನ್ನು ಪ್ರನಾಳದಲ್ಲಿ ಅಲ್ಲದೆ, ನೊಣದ ನಡಿಗೆಯನ್ನು ನೋಡಿ ಗುರುತಿಸಿದ ಈ ಕೆಲಸಕ್ಕೆ ನಮ್ಮಲ್ಲಿ ಸಿಕ್ಕ ಪ್ರಚಾರವು ಅತ್ಯಲ್ಪ.

ಸಿದ್ದಿಖಿಯವರು 2013ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ರಾತ್ಮನ್, ಶೆಕ್‌ಮನ್, ಸ್ಯೂಡಾಫ್ ಎಂಬ ಮೂವರಿಗೆ ಚೀಲಗಳ ಸಾಗಾಟದ ಶೋಧಕ್ಕಾಗಿ ನೊಬೆಲ್ ಬಹುಮಾನವು ಘೋಷಿತವಾಯಿತು. ನೊಣದ ಶಾಸ್ತ್ರದಲ್ಲಿ ಮಾತ್ರ ಎನ್‌ಎಸ್‌ಎಫಿನ ಆ ವಂಶವಾಹಿಗೆ ಇಂದಿಗೂ ‘ಕೋಮಟೋಸ್’ ಎಂಬ ಹೆಸರೇ ನಡೆದುಬಂದಿದೆ.