ಮೂಲ ಯಾವುದು, ಮಾರ್ಪಾಡು ಯಾವುದು? ಹಳೆಯ ಕಾರುಗಳ ಚರಿತ್ರೆಯೊಳಗಿನ ಒಂದು ವಿವಾದ

(ಪೆಂಡಲ್ ಹಿಲ್‌ನಲ್ಲಿ ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಮಾತನಾಡುತ್ತಾನೆಂದು ನಿರೀಕ್ಷಿಸುವುದು ಸಹಜ. ಆ ವಿಷಯಗಳಿಗೆ ಬೇರೆ ದಿನಗಳಿವೆ. ಇಂದು ನಾನು ಆರಿಸಿಕೊಂಡಿರುವುದು ಹಳೆಯ ಕಾರುಗಳನ್ನು ರಿಪೇರಿ ಮಾಡುವುದರ ಚರಿತ್ರೆ. ವೈದ್ಯಕೀಯ ಇದರೊಳಗೆ ಎಲ್ಲಿ ನುಸುಳುತ್ತದೆಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

2003ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ‘ವೀಲರ್ ಡೀಲರ್ಸ್’ ಎಂಬ ದೂರದರ್ಶನ ಕಾರ್ಯಕ್ರಮವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಮೈಕ್ ಬ್ರೂವರ್ ಎಂಬ ವ್ಯಾಪಾರಿ ಹಳೆಯ ಕಾರೊಂದನ್ನು ಚೌಕಾಸಿ ಮಾಡಿ ಕೊಳ್ಳುತ್ತಾರೆ. ಎಡ್ ಚೈನಾ ಎಂಬ ಅಜಾನುಬಾಹು ಮೆಕ್ಯಾನಿಕ್ ಅದನ್ನು ಬಿಚ್ಚಿ, ತಿದ್ದಿ, ಮತ್ತೆ ಜೋಡಿಸುತ್ತಾರೆ. ಕೊನೆಗೆ ಅದನ್ನು ಮಾರಿ, ಲಾಭವೆಷ್ಟೆಂದು ಲೆಕ್ಕ ಹೇಳುತ್ತಾರೆ. ಚೈನಾ ಅವರು 2017ರಲ್ಲಿ ಕಾರ್ಯಕ್ರಮವನ್ನು ಬಿಟ್ಟರು. ಗ್ಯಾರೇಜಿನ ಕೆಲಸವನ್ನು ವಿವರವಾಗಿ ತೋರಿಸುವ ಭಾಗವನ್ನು ಮೊಟಕುಗೊಳಿಸಬೇಕೆಂಬ ಒತ್ತಾಯ ತಮಗೆ ಒಪ್ಪಿಗೆಯಾಗಲಿಲ್ಲವೆಂದು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಬೇರೆ ಮೆಕ್ಯಾನಿಕರೊಡನೆ ಕಾರ್ಯಕ್ರಮ ಮುಂದುವರಿಯಿತು.

ಸಾಮಾನ್ಯ ಪ್ರೇಕ್ಷಕರಿಗೆ ಇದು ಒಂದು ಗಂಟೆಯ ಮನರಂಜನೆ. ಹಳೆಯ ಕಾರುಗಳ ವ್ಯಾಮೋಹಿಗಳಿಗೆ ಮಾತ್ರ ಇದು ವಾದದ ಕಣ. ಕ್ಲಬ್ಬಿನ ಪ್ರದರ್ಶನಗಳಲ್ಲಿ ಚಹಾ ಕುಡಿಯುತ್ತ ನಿಂತವರ ಬಳಿ ಐದು ನಿಮಿಷ ಕಿವಿಗೊಟ್ಟರೆ ಸಾಕು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವ ಬದಲು ಪುಟ್ಟಿ ತುಂಬಿ ಬಣ್ಣ ಹೊಡೆದರೆಂದು ಒಬ್ಬರ ದೂರು. ಆ ಮಾದರಿಗೆ ಎಂದೂ ಇಲ್ಲದಿದ್ದ ಚಕ್ರಗಳನ್ನು ಹಾಕಿದರೆಂದು ಇನ್ನೊಬ್ಬರ ಸಂಕಟ. ಐವತ್ತು ವರ್ಷ ಬಾಳಿದ ಸೀಟಿನ ಹೊದಿಕೆಯನ್ನು ಕಿತ್ತು ಹೊಳೆಯುವ ಚರ್ಮ ಹೊಲಿಸಿದ್ದು ಮತ್ತೊಬ್ಬರಿಗೆ ಅಕ್ಷಮ್ಯ. ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ: ಕಾರ್ಯಕ್ರಮದ ಲಾಭದ ಲೆಕ್ಕದಲ್ಲಿ ಮೆಕ್ಯಾನಿಕನ ಕೂಲಿ ಸೇರುವುದೇ ಇಲ್ಲ. ಬಿಡಿಭಾಗಗಳ ಬೆಲೆ ಸೇರುತ್ತದೆ, ಹೊರಗೆ ಮಾಡಿಸಿದ ಕೆಲಸದ ಬಿಲ್ಲು ಸೇರುತ್ತದೆ. ಎಂಜಿನ್ನಿನ ಕೆಳಗೆ ಮಲಗಿ ಕಳೆದ ದಿನಗಳಿಗೆ ಮಾತ್ರ ಬೆಲೆಯಿಲ್ಲ. ಸಿಡ್ನಿಯ ಯಾವುದೇ ಗ್ಯಾರೇಜಿನಲ್ಲಿ ಗಂಟೆಯ ದರ ಕೇಳಿದವರಿಗೆ ಈ ಲಾಭ ಎಷ್ಟರಮಟ್ಟಿಗೆ ಲಾಭವೆಂದು ವಿವರಿಸಬೇಕಾಗಿಲ್ಲ. ನನ್ನ ದೃಷ್ಟಿಯಲ್ಲಿ ವ್ಯಾಮೋಹಿಗಳ ಉಳಿದ ದೂರುಗಳ ಬೇರು ಇಲ್ಲಿಯೇ ಇದೆ. ಬೇಗ ಮಾರಬೇಕಾದ ಕಾರಿಗೆ ಕಣ್ಣಿಗೆ ಕಾಣುವ ಕೆಲಸ ಮೊದಲಾಗುತ್ತದೆ, ಕಾಣದ ಕೆಲಸ ಹಿಂದುಳಿಯುತ್ತದೆ.

ಈ ಎಲ್ಲ ವಾದಗಳೂ ‘ಮೂಲ ಸ್ಥಿತಿ’ ಎಂಬ ಒಂದು ಕಲ್ಪನೆಯ ಮೇಲೆ ನಿಂತಿವೆ. ಆ ಮೂಲವೆಂಬುದು ಎಲ್ಲಿದೆ? ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮೋಟಾರು ಯುಗದ ಆರಂಭದ ದಶಕಗಳಲ್ಲಿ ಅನೇಕ ಕಾರ್ಖಾನೆಗಳು ಪೂರ್ತಿ ಕಾರನ್ನು ಮಾರುತ್ತಲೇ ಇರಲಿಲ್ಲ. ಮೈಸೂರಿನ ಅರಮನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬಂದ ರೋಲ್ಸ್ ರಾಯ್ಸ್‌ಗಳನ್ನೇ ನೋಡೋಣ. ಎರಡನೆಯ ಮಹಾಯುದ್ಧದವರೆಗೆ ಆ ಕಂಪನಿ ತಯಾರಿಸುತ್ತಿದ್ದುದು ಚಾಸಿ ಮತ್ತು ಎಂಜಿನ್ ಮಾತ್ರ. ಮೇಲಿನ ದೇಹವನ್ನು ಗ್ರಾಹಕರ ಇಚ್ಛೆಯಂತೆ ಬೇರೆ ಕುಶಲಕರ್ಮಿಗಳು ಕಟ್ಟಿಕೊಡುತ್ತಿದ್ದರು. ಒಂದೇ ಚಾಸಿ ತನ್ನ ಆಯುಷ್ಯದಲ್ಲಿ ಎರಡು ಮೂರು ದೇಹಗಳನ್ನು ಹೊತ್ತದ್ದೂ ಉಂಟು. ಅದರ ಮೂಲರೂಪ ಯಾವುದೆಂದು ಕೇಳಿದರೆ ಏನು ಹೇಳುವುದು?

ಆಸ್ಟ್ರೇಲಿಯಾದ ಹೆಮ್ಮೆಯ ಹೋಲ್ಡನ್ ಕಂಪನಿಯೂ ಹುಟ್ಟಿದ್ದು ಹೀಗೆಯೇ. 1856ರಲ್ಲಿ ಅಡಿಲೇಡ್‌ನಲ್ಲಿ ಕುದುರೆಯ ಜೀನು ತಯಾರಿಸುವ ಅಂಗಡಿಯಾಗಿ ಅದು ಆರಂಭವಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೂರ್ಣ ಕಾರುಗಳ ಆಮದಿನ ಮೇಲೆ ನಿರ್ಬಂಧ ಬಿದ್ದಾಗ, ಹೊರದೇಶದ ಚಾಸಿಗಳಿಗೆ ಇಲ್ಲಿಯೇ ದೇಹ ಕಟ್ಟುವ ಕೆಲಸಕ್ಕೆ ಕೈಹಾಕಿತು. 1931ರಲ್ಲಿ ಜನರಲ್ ಮೋಟಾರ್ಸ್ ಜೊತೆ ವಿಲೀನವಾಯಿತು. 1948ರ ನವೆಂಬರ್ 29ರಂದು ಮೆಲ್ಬರ್ನ್‌ನ ಫಿಶರ್‌ಮನ್ಸ್ ಬೆಂಡ್‌ನಲ್ಲಿ ಪ್ರಧಾನಿ ಬೆನ್ ಚಿಫ್ಲಿಯವರು 48-215 ಎಂಬ ಮಾದರಿಯನ್ನು ಲೋಕಾರ್ಪಣೆ ಮಾಡಿದರು. ಬೆಲೆ ತೆರಿಗೆ ಸೇರಿ 733 ಪೌಂಡು. ಇಂದು ಎಲ್ಲರೂ ಅದನ್ನು ‘ಎಫ್‌ಎಕ್ಸ್’ ಎನ್ನುತ್ತಾರೆ. ಆ ಹೆಸರು ಕಂಪನಿ ಇಟ್ಟದ್ದಲ್ಲ, ರೂಢಿಯಿಂದ ಬಂದದ್ದು. ಮೂಲದ ಪಕ್ಷಪಾತಿಗಳೂ ಅದನ್ನು ಆ ಹೆಸರಿನಿಂದಲೇ ಕರೆಯುವುದು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ.

ಆ ಕಾರಿಗೂ, 1953ರಲ್ಲಿ ಬಂದ ಅದರ ತಮ್ಮನಾದ ಎಫ್‌ಜೆಗೂ ಇದ್ದದ್ದು 60 ಅಶ್ವಶಕ್ತಿಯ ಆರು ಸಿಲಿಂಡರಿನ ಬೂದುಬಣ್ಣದ ಎಂಜಿನ್, 6 ವೋಲ್ಟಿನ ವಿದ್ಯುತ್ ವ್ಯವಸ್ಥೆ, ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. 1963ರಲ್ಲಿ ಇಎಚ್ ಮಾದರಿಯೊಡನೆ ಕೆಂಪು ಬಣ್ಣದ ಹೊಸ ಎಂಜಿನ್ ಬಂದಿತು. ಅದರ ದೊಡ್ಡ ಆವೃತ್ತಿಯ ಶಕ್ತಿ 115 ಅಶ್ವಶಕ್ತಿ. ಹಳೆಯ ಎಫ್‌ಜೆಗಳ ಒಡೆಯರಾಗಿದ್ದ ತರುಣರು ಸುಮ್ಮನಿರುತ್ತಾರೆಯೇ? ಬೂದು ಎಂಜಿನ್ ಇಳಿಸಿ ಕೆಂಪು ಎಂಜಿನ್ ಕೂರಿಸುವುದು ಒಂದು ಸಂಪ್ರದಾಯವೇ ಆಗಿಹೋಯಿತು. ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಬ್ರೇಕು ಮಾತ್ರ ಅನೇಕ ಕಾರುಗಳಲ್ಲಿ ಹಳೆಯದೇ ಉಳಿಯಿತು. ಇಂಥ ಕಾರು ಇಂದು ಅರುವತ್ತು ವರ್ಷ ಹಳೆಯದಾದ ಮಾರ್ಪಾಡನ್ನು ಹೊತ್ತು ನಿಂತಿದೆ. ಅದನ್ನು ಕಿತ್ತು ಬೂದು ಎಂಜಿನನ್ನು ಹುಡುಕಿ ಹಾಕಬೇಕೆ, ಅಥವಾ ಆ ಕಾಲದ ತರುಣನ ಕೈಕೆಲಸವೂ ಚರಿತ್ರೆಯ ಭಾಗವೆಂದು ಉಳಿಸಬೇಕೆ? ನನ್ನ ಒಲವು ಉಳಿಸುವ ಕಡೆಗೆ. ಆದರೆ ಬ್ರೇಕನ್ನು ಮಾತ್ರ ಹಾಗೆಯೇ ಬಿಡಲಾರೆ.

ಈ ಪ್ರಶ್ನೆಗಳಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಉತ್ತರ ಕೊಡುವ ಪ್ರಯತ್ನವೂ ನಡೆದಿದೆ. ಪುರಾತನ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ ಸನ್ನದು ರೂಪುಗೊಂಡಿತ್ತು. ಹಳೆಯ ವಾಹನಗಳ ವಿಶ್ವ ಒಕ್ಕೂಟವಾದ ‘ಫೀವಾ’ ಅದರ ಜಾಡಿನಲ್ಲಿಯೇ ನಡೆದು 2012ರಲ್ಲಿ ಟ್ಯುರಿನ್ ಸನ್ನದನ್ನು ಅಂಗೀಕರಿಸಿತು. ಅದರ ಸಾರ ನಮ್ಮ ವೃತ್ತಿಯವರಿಗೆ ಬಹಳ ಪರಿಚಿತವಾದದ್ದು: ಅಗತ್ಯವಿರುವಷ್ಟೇ ಕೈಹಾಕಿ, ಮಾಡಿದ್ದನ್ನು ಹಿಂದಕ್ಕೆ ತೆಗೆಯಲು ಸಾಧ್ಯವಾಗುವಂತೆ ಮಾಡಿ, ಮಾಡಿದ್ದೆಲ್ಲವನ್ನೂ ಬರೆದಿಡಿ. ರೋಗಿಯ ಕೇಸ್ ಷೀಟನ್ನು ಹೇಗೆ ಬರೆಯುತ್ತೇವೆಯೋ ಹಾಗೆ. ಮೂಲವೆಂಬುದು ಕಾರ್ಖಾನೆಯಿಂದ ಹೊರಬಂದ ದಿನದ ಹೊಳಪು ಮಾತ್ರವಲ್ಲ, ಆ ವಾಹನ ಬಾಳಿದ ಬಾಳಿನ ಗುರುತುಗಳೂ ಹೌದೆಂದು ಅದು ಒಪ್ಪುತ್ತದೆ.

ನಮ್ಮ ನ್ಯೂ ಸೌತ್ ವೇಲ್ಸ್ ಸರ್ಕಾರ ಇದೇ ವಿವಾದವನ್ನು ಆಡಳಿತದ ರೀತಿಯಲ್ಲಿ ಬಗೆಹರಿಸಿದೆ. 30 ವರ್ಷ ದಾಟಿದ ಕಾರು ಮೂಲ ಸ್ಥಿತಿಗೆ ಆದಷ್ಟು ಹತ್ತಿರದಲ್ಲಿದ್ದರೆ ಅದಕ್ಕೆ ಐತಿಹಾಸಿಕ ವಾಹನ ಯೋಜನೆಯಡಿ ಅಲ್ಪ ಶುಲ್ಕದ ನೋಂದಣಿ ದೊರೆಯುತ್ತದೆ. ಮಾರ್ಪಾಡಾದ ಹಳೆಯ ಕಾರುಗಳಿಗಾಗಿ 2015ರಲ್ಲಿ ‘ಕ್ಲಾಸಿಕ್’ ಎಂಬ ಪ್ರತ್ಯೇಕ ಯೋಜನೆಯನ್ನು ಪ್ರಯೋಗವಾಗಿ ತಂದು, ಮುಂದೆ ಕಾಯಂ ಮಾಡಿದರು. ಎರಡಕ್ಕೂ ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯತ್ವ ಬೇಕು. ಕ್ಲಬ್ಬಿನ ಕಾರ್ಯಕ್ರಮಗಳಲ್ಲದೆ ಸ್ವಂತ ಓಡಾಟಕ್ಕೆ ವರ್ಷಕ್ಕೆ 60 ದಿನ, ಲಾಗ್ ಪುಸ್ತಕದಲ್ಲಿ ಬರೆದು. ವಿಕ್ಟೋರಿಯಾದಲ್ಲಿ ಕ್ಲಬ್ ಪರ್ಮಿಟ್ ಎಂಬ ಒಂದೇ ವ್ಯವಸ್ಥೆಯಿದ್ದು, 45 ಅಥವಾ 90 ದಿನಗಳನ್ನು ಆರಿಸಿಕೊಳ್ಳಬಹುದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮೂಲ ಸ್ಥಿತಿಯನ್ನು ಬಯಸುವ ಮೊದಲ ಯೋಜನೆಯೂ ಸೀಟ್ ಬೆಲ್ಟು ಮತ್ತು ತಿರುವಿನ ದೀಪಗಳನ್ನು ಸೇರಿಸಲು ಅಡ್ಡಿಯಿಲ್ಲವೆನ್ನುತ್ತದೆ. ಪ್ರಾಣರಕ್ಷಣೆಯ ವಿಷಯದಲ್ಲಿ ಮೂಲದ ಹಟ ಬೇಡವೆಂದು ಕಾನೂನೇ ಹೇಳಿದಂತಾಯಿತು.

ಇಲ್ಲಿಗೆ ನಾನು ನನ್ನ ಕಸುಬಿಗೆ ಬಂದೆ. ದೂರದರ್ಶನದ ಕಾರುಗಳ ಚಕ್ರದ ವಿನ್ಯಾಸದ ಬಗ್ಗೆ ಅರ್ಧ ಗಂಟೆ ವಾದಿಸುವವರು ಬೆಲ್ಟಿನ ಬಗ್ಗೆ ಒಂದು ಮಾತನ್ನೂ ಆಡದಿರುವುದನ್ನು ನೋಡಿದ್ದೇನೆ. 1970ರಲ್ಲಿ ವಿಕ್ಟೋರಿಯಾ ರಾಜ್ಯವೊಂದರಲ್ಲಿಯೇ ರಸ್ತೆ ಅಪಘಾತಗಳಲ್ಲಿ 1,061 ಮಂದಿ ಸತ್ತರು. ಶಸ್ತ್ರವೈದ್ಯರ ಕಾಲೇಜು ಮತ್ತು ಪತ್ರಿಕೆಗಳು ಬಿಡದೆ ಒತ್ತಾಯಿಸಿದ್ದರ ಫಲವಾಗಿ ಆ ವರ್ಷದ ಡಿಸೆಂಬರ್ 22ರಿಂದ ಅಲ್ಲಿ ಬೆಲ್ಟು ಧರಿಸುವುದು ಕಡ್ಡಾಯವಾಯಿತು. ಜಗತ್ತಿನಲ್ಲಿಯೇ ಅಂಥ ಮೊದಲ ಕಾನೂನು ಅದು. ಮರುವರ್ಷ ನ್ಯೂ ಸೌತ್ ವೇಲ್ಸ್ ಅದನ್ನು ಅನುಸರಿಸಿತು. ಅದಕ್ಕಿಂತ ಹಿಂದಿನ ಅನೇಕ ಕಾರುಗಳಲ್ಲಿ ಬೆಲ್ಟೇ ಇಲ್ಲ, ಅಥವಾ ಸೊಂಟಕ್ಕೆ ಮಾತ್ರ ಸುತ್ತುವ ಪಟ್ಟಿಯಿದೆ. ಸೊಂಟದ ಪಟ್ಟಿಯಿಂದ ದೇಹ ಮುಂದಕ್ಕೆ ಮಡಚಿಕೊಂಡಾಗ ಕರುಳಿಗೆ ಪೆಟ್ಟಾಗುತ್ತದೆ, ಬೆನ್ನಿನ ಕಶೇರುಕ ಅಡ್ಡಲಾಗಿ ಸೀಳುತ್ತದೆ. ಅಂಥ ಸೀಳನ್ನು ಮೊದಲು ವರ್ಣಿಸಿದ ಚಾನ್ಸ್ ಎಂಬ ಕ್ಷ-ಕಿರಣ ತಜ್ಞರ ಲೇಖನ ಪ್ರಕಟವಾದದ್ದು ಮೊದಲ ಹೋಲ್ಡನ್ ಹೊರಬಂದ 1948ರಲ್ಲಿಯೇ ಎಂಬುದು ಕಾಕತಾಳೀಯ. ಮೊಮ್ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಭಾನುವಾರದ ಸವಾರಿ ಹೋಗುವವರು ಭುಜದ ಮೇಲೂ ಹಾಯುವ ಪಟ್ಟಿಯನ್ನು ಬಲವಾದ ಆಧಾರಕ್ಕೆ ಪರಿಣತರಿಂದ ಹಾಕಿಸಬೇಕು. ತುಕ್ಕು ಹಿಡಿದ ತಗಡಿಗೆ ಬಿಗಿದ ಬೆಲ್ಟು ಬೆಲ್ಟಲ್ಲ.

ಎರಡನೆಯದು ಕಲ್ನಾರು. ಹಳೆಯ ಕಾರಿನ ಬ್ರೇಕು ಮತ್ತು ಕ್ಲಚ್ಚಿನ ಲೈನಿಂಗುಗಳಲ್ಲಿ ಅದು ಇರುತ್ತಿತ್ತು. ಆಸ್ಟ್ರೇಲಿಯಾ ಅದನ್ನು 2003ರ ಡಿಸೆಂಬರ್ 31ರಿಂದ ಸಂಪೂರ್ಣವಾಗಿ ನಿಷೇಧಿಸಿತು. ಹೊರದೇಶದಿಂದ ತರಿಸುವ ಹಳೆಯ ಕಾರುಗಳನ್ನು ಬಂದರಿನಲ್ಲಿ ಈ ಕಾರಣಕ್ಕಾಗಿಯೇ ತಪಾಸಣೆ ಮಾಡುತ್ತಾರೆ. ಬ್ರೇಕಿನ ಧೂಳಿನಿಂದ ಮೆಕ್ಯಾನಿಕರಿಗೆ ಬರುವ ಅಪಾಯದ ಪ್ರಮಾಣ ಎಷ್ಟೆಂಬ ಬಗ್ಗೆ ವೈದ್ಯಲೋಕದಲ್ಲಿ ಚರ್ಚೆಯಿದೆ. ಆದರೆ ಕಲ್ನಾರಿನಿಂದ ಬರುವ ಪುಪ್ಪುಸ ಪೊರೆಯ ಕ್ಯಾನ್ಸರು ಸಾಮಾನ್ಯವಾಗಿ ಮೂವತ್ತು ನಲವತ್ತು ವರ್ಷಗಳ ಬಳಿಕ ತಲೆಯೆತ್ತುವ ಕಾಯಿಲೆ. ಚರ್ಚೆ ಮುಗಿಯುವವರೆಗೆ ಕಾಯುವುದು ಜಾಣತನವಲ್ಲ. ಡ್ರಮ್ ಬಿಚ್ಚಿ ಗಾಳಿಯ ಪೈಪಿನಿಂದ ಧೂಳು ಊದುವ ಹಳೆಯ ಅಭ್ಯಾಸವನ್ನು ದಯವಿಟ್ಟು ಬಿಡಿ. ಒದ್ದೆ ಮಾಡಿ ಒರೆಸಿ.

ಸೀಸದ ಪೆಟ್ರೋಲಿನ ಕಥೆ ಚಿಕ್ಕದು. ಭಾರತದಲ್ಲಿ 2000ದಲ್ಲಿ, ಇಲ್ಲಿ 2002ರ ಆರಂಭದಲ್ಲಿ ಅದು ನಿಂತಿತು. ಮಕ್ಕಳ ಮಿದುಳಿಗೆ ಅದರಿಂದಾದ ಉಪಕಾರ ದೊಡ್ಡದು. ಸೀಸದ ರಕ್ಷಣೆಯನ್ನೇ ನಂಬಿದ್ದ ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳು ಮಾತ್ರ ಸವೆಯತೊಡಗಿದವು. ಗಟ್ಟಿ ಲೋಹದ ಸೀಟು ಕೂರಿಸುವುದು ಪರಿಹಾರವಾಯಿತು. ಇದೂ ಮಾರ್ಪಾಡೇ. ಕಣ್ಣಿಗೆ ಕಾಣದ ಕಾರಣ ಯಾವ ಪರಿಶುದ್ಧವಾದಿಯೂ ಇದಕ್ಕೆ ಆಕ್ಷೇಪಿಸಿದ್ದನ್ನು ಕೇಳಿಲ್ಲ.

ಇನ್ನು ನಮ್ಮೂರಿನ ಮಾತು. ನಮ್ಮಲ್ಲಿ ಅನೇಕರ ತಾತನ ಮನೆಯಂಗಳದಲ್ಲಿ ಅಂಬಾಸಡರ್ ಕಾರೊಂದು ನಿಂತಿದ್ದಿರಬೇಕು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಸರಣಿಯೇ ಅದರ ಮೂಲ. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಗೆ ಆರಂಭವಾದ ಅದರ ತಯಾರಿಕೆ 2014ರ ಮೇ ತಿಂಗಳವರೆಗೆ ನಡೆಯಿತು. ಬ್ರಿಟನ್ನಿನ ಆಕ್ಸ್‌ಫರ್ಡ್ ಕಾರಿಗೆ ಉತ್ತರಪಾರಾದ ಬಿಡಿಭಾಗ ಕೂಡಿಸಿದರೆ ಅದು ಮೂಲವೇ ಅಲ್ಲವೇ ಎಂಬುದನ್ನು ಕ್ಲಬ್ಬಿನವರು ಎಷ್ಟು ಹೊತ್ತು ಬೇಕಾದರೂ ಚರ್ಚಿಸಬಲ್ಲರು. ನಮ್ಮ ಕಡೆಯ ಮೇಸ್ತ್ರಿಗಳಿಗೆ ಆ ಚರ್ಚೆಯೇ ಬೇಕಿರಲಿಲ್ಲ. ಪೆಟ್ರೋಲಿನ ಬೆಲೆ ಏರಿದಾಗ ಮೂಲ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿದ ಬಿಡಿಭಾಗವನ್ನು ಉಜ್ಜಿ ಹೊಂದಿಸಿದರು, ಕಾರು ಓಡಿತು. ಇದನ್ನು ಕೀಳೆನ್ನುವವರ ಜೊತೆ ನಾನಿಲ್ಲ. ಆ ಕಾರುಗಳು ಇಷ್ಟು ಕಾಲ ಬದುಕಿದ್ದೇ ಆ ಕೈಗಳಿಂದ.

ಆದರೆ ಈಗ ಕಾನೂನು ಬೇರೆ ಪ್ರಶ್ನೆ ಕೇಳುತ್ತಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ವಾಹನಗಳ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ದೇಹ, ಎಂಜಿನ್ ಇವುಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನಕ್ಕೆ ‘ವಿಎ’ ಅಕ್ಷರಗಳುಳ್ಳ ವಿಶೇಷ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಡೀಸೆಲ್ ಹೊತ್ತ ತಾತನ ಅಂಬಾಸಡರ್ ಈ ಬಾಗಿಲಿನಿಂದ ಒಳಗೆ ಬರಲಾರದು.

ಊರಿಗೆ ಫೋನು ಮಾಡಿದಾಗ ಅಣ್ಣನೋ ಭಾವನೋ ಆ ಹಳೇ ಗಾಡಿಯನ್ನು ತೆಗೆದುಬಿಡೋಣವೆಂದರೆ, ಒಪ್ಪುವ ಮೊದಲು ಕೆಲವು ವಿಷಯ ವಿಚಾರಿಸಿ. ಆರ್‌ಸಿ ಪುಸ್ತಕ ಯಾರ ಹೆಸರಿನಲ್ಲಿದೆ, ಅದರಲ್ಲಿರುವ ಎಂಜಿನ್ ಸಂಖ್ಯೆ ಯಾವುದು, ಇಳಿಸಿದ ಪೆಟ್ರೋಲ್ ಎಂಜಿನ್ ಎಲ್ಲಿದೆ. ಅನೇಕ ಮನೆಗಳಲ್ಲಿ ಅದು ಕೊಟ್ಟಿಗೆಯ ಮೂಲೆಯಲ್ಲಿಯೋ ಅಡಿಕೆ ಒಣಗಿಸುವ ಚಪ್ಪರದ ಕೆಳಗೋ ಗೋಣಿ ಹೊದ್ದು ಕುಳಿತಿರುತ್ತದೆ. ಕಾರಿಗೆ ಅದನ್ನು ಮತ್ತೆ ಕೂರಿಸಲು ಇಂದಿಗೂ ಸಾಧ್ಯ. ತೂಕದ ಲೆಕ್ಕದಲ್ಲಿ ಶಿವಾಜಿನಗರದ ಗುಜರಿಗೆ ಹೋಯಿತೆಂದರೆ ಎಷ್ಟು ಹಣ ಕೊಟ್ಟರೂ ಅದೇ ಸಂಖ್ಯೆಯ ಎಂಜಿನ್ ಹಿಂದಿರುಗಿ ಬರುವುದಿಲ್ಲ.